ಹಟಮಾರಿ ವಿಷಗಳ ಬೆನ್ನು ಹತ್ತಿ

ಭೂಪಟದಲ್ಲಿ ಕೆನಡಾ ದೇಶವನ್ನು ಹುಡುಕಿ. ಅಲ್ಲಿಂದ ಬೆರಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ಯಿರಿ. ನೆಲ ಮುಗಿದು ಹೆಪ್ಪುಗಟ್ಟಿದ ಸಮುದ್ರ ಶುರುವಾಗುವ ಅಂಚಿನಲ್ಲಿ ಎಲ್ಸ್‌ಮೀರ್ ಎಂಬ ದೊಡ್ಡ ದ್ವೀಪವಿದೆ. ಅದರ ತುತ್ತತುದಿಯಲ್ಲಿ ಅಲರ್ಟ್ ಎಂಬ ಜಾಗ. ಅಲ್ಲಿಂದ ಉತ್ತರ ಧ್ರುವ ಸುಮಾರು 800 ಕಿಲೋಮೀಟರ್ ಅಷ್ಟೇ. ಅಕ್ಟೋಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಅಲ್ಲಿ ಮತ್ತೆ ಮುಖ ತೋರಿಸುವುದು ಫೆಬ್ರವರಿ ಕೊನೆಗೆ. ಹೊಲವಿಲ್ಲ, ತೋಟವಿಲ್ಲ, ಒಂದು ಮರ ಕೂಡ ಇಲ್ಲ.

ಅಲ್ಲೊಂದು ಯಂತ್ರ 1992ರಿಂದ ಗಾಳಿಯನ್ನು ಎಳೆದುಕೊಳ್ಳುತ್ತ ಬಂದಿದೆ. ವಾರವೊಂದಕ್ಕೆ 10 ಸಾವಿರ ಘನ ಮೀಟರಿಗೂ ಹೆಚ್ಚು ಗಾಳಿ. ಅದು ಮೊದಲು ಸೋಸುವ ಹಾಳೆಯೊಂದನ್ನು ದಾಟುತ್ತದೆ, ಆಮೇಲೆ ಫೋಮಿನ ತುಂಡುಗಳೊಳಗೆ ನುಸುಳಿ ಹೊರಗೆ ಹೋಗುತ್ತದೆ. ಗಾಳಿಯಲ್ಲಿದ್ದ ಕೆಲವು ರಾಸಾಯನಿಕಗಳು ಮಾತ್ರ ಫೋಮಿಗೆ ಅಂಟಿಕೊಂಡು ಉಳಿಯುತ್ತವೆ. ಆ ತುಂಡುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಡಿಡಿಟಿ ಎಂಬ ಕೀಟನಾಶಕ ಸಿಕ್ಕಿತು. ಎಂಡೋಸಲ್ಫಾನ್ ಸಿಕ್ಕಿತು. ಎಂಡೋಸಲ್ಫಾನ್ ಎಂದರೆ ಹತ್ತಿ, ತರಕಾರಿ, ಗೇರು ಬೆಳೆಗಳ ಹುಳು ಸಾಯಿಸಲು ಹೊಡೆಯುತ್ತಿದ್ದ ಔಷಧಿ. ಗೇರುಮರ ಬೆಳೆಯುವುದು ನಮ್ಮಂಥ ಸೆಕೆಯ ನಾಡಿನಲ್ಲಿ. ಹಾಗಾದರೆ ಮಂಜು ಬಿಟ್ಟರೆ ಬೇರೇನೂ ಕಾಣದ ಅಲರ್ಟ್‌ಗೆ ಅದು ಹೋದದ್ದು ಹೇಗೆ?

ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆಯನ್ನು ನೀವೆಲ್ಲ ನೋಡಿರುತ್ತೀರಿ. ಇಟ್ಟ ದಿನ ಗೋಲಿಯಷ್ಟು ದಪ್ಪ ಇದ್ದದ್ದು ಕೆಲವು ತಿಂಗಳಲ್ಲಿ ಸವೆದು ಸವೆದು ಇಲ್ಲವಾಗುತ್ತದೆ. ಯಾರೂ ಅದನ್ನು ತೆಗೆದಿರುವುದಿಲ್ಲ, ಅದು ನೀರಾಗಿ ಕರಗಿಯೂ ಇರುವುದಿಲ್ಲ. ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಳಿ ಸೇರಿರುತ್ತದೆ. ನಾನು ಹೇಳಹೊರಟಿರುವ ವಿಷಗಳೂ ಹೀಗೇ ಆವಿಯಾಗುತ್ತವೆ, ಆದರೆ ಬಹಳ ನಿಧಾನವಾಗಿ. ಬಿಸಿಲಿನ ನಾಡಿನಲ್ಲಿ ಮಣ್ಣಿನಿಂದ ಮೇಲೇಳುತ್ತವೆ. ಗಾಳಿಯ ಜೊತೆ ಒಂದಷ್ಟು ದೂರ ಹೋಗುತ್ತವೆ. ತಂಪು ಹವೆ ಸಿಕ್ಕಲ್ಲಿ ಮತ್ತೆ ನೆಲಕ್ಕೋ ನೀರಿಗೋ ಇಳಿಯುತ್ತವೆ. ಅಲ್ಲಿ ಬೇಸಿಗೆ ಬಂದಾಗ ಪುನಃ ಏಳುತ್ತವೆ, ಇನ್ನಷ್ಟು ಉತ್ತರಕ್ಕೆ ಸಾಗುತ್ತವೆ. ವಿಜ್ಞಾನಿಗಳು ಈ ಪ್ರಯಾಣಕ್ಕೆ ಮಿಡತೆ ನೆಗೆತ ಎಂದೇ ಹೆಸರಿಟ್ಟಿದ್ದಾರೆ. ಕೊನೆಗೆ ಧ್ರುವದ ಚಳಿಯಲ್ಲಿ ಇಳಿದ ಮೇಲೆ ಅಲ್ಲಿಂದ ಏಳುವಷ್ಟು ಬಿಸಿ ಸಿಗುವುದೇ ಅಪರೂಪ. ಫ್ರಾಂಕ್ ವಾನಿಯಾ ಮತ್ತು ಡಾನ್ ಮ್ಯಾಕೆ ಎಂಬ ಇಬ್ಬರು ವಿಜ್ಞಾನಿಗಳು 1993ರಲ್ಲಿ ಇದನ್ನು ಬಿಡಿಸಿ ಹೇಳಿದರು.

ಪ್ರಯಾಣ ಮಾಡುವ ವಸ್ತುಗಳೇನೋ ಬೇಕಾದಷ್ಟಿವೆ. ಇವುಗಳ ವಿಶೇಷವೆಂದರೆ ದಾರಿಯಲ್ಲಿ ಒಡೆಯುವುದಿಲ್ಲ. ಎಲೆ ಕೊಳೆತು ಗೊಬ್ಬರವಾಗುತ್ತದೆ, ಸತ್ತ ಹುಳು ಮಣ್ಣಾಗುತ್ತದೆ. ಸೂಕ್ಷ್ಮಜೀವಿಗಳಿಗೆ, ಬಿಸಿಲಿಗೆ, ನೀರಿಗೆ ಅವನ್ನು ಮುರಿಯುವುದು ಗೊತ್ತು. ಈ ವಿಷಗಳನ್ನು ಮುರಿಯಲು ಅವಕ್ಕೆ ಸುಲಭವಾಗಿ ಸಾಧ್ಯವಿಲ್ಲ. ಇವುಗಳಲ್ಲಿ ಬಹುಪಾಲು ಮನುಷ್ಯ ಕಾರ್ಖಾನೆಯಲ್ಲಿ ಹೊಸದಾಗಿ ಮಾಡಿದವು, ಪ್ರಕೃತಿಗೆ ಪರಿಚಯವೇ ಇಲ್ಲದವು. ಆದ್ದರಿಂದ ನಾವು ಇವನ್ನು ಹಟಮಾರಿ ವಿಷಗಳು ಎಂದು ಕರೆಯೋಣ. ವಿಜ್ಞಾನಿಗಳು ಪಾಪ್ಸ್ ಎಂಬ ಚುಟುಕು ಹೆಸರು ಬಳಸುತ್ತಾರೆ. ಒಂದು ವಸ್ತು ಹಟಮಾರಿ ಹೌದೋ ಅಲ್ಲವೋ ಎಂದು ನೋಡಲು ಅವರ ಬಳಿ ಅಳತೆಯೂ ಇದೆ. ಮಣ್ಣಿಗೆ ಬಿದ್ದದ್ದರಲ್ಲಿ ಅರ್ಧ ಭಾಗ ಇಲ್ಲವಾಗಲು 6 ತಿಂಗಳಿಗಿಂತ ಹೆಚ್ಚು, ಅಥವಾ ನೀರಿನಲ್ಲಿ 2 ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆಯೇ? ಹಿಡಿದರೆ ಅದರ ಮೇಲೆ ಅನುಮಾನ ಪಡಬೇಕು.

ಇನ್ನೂ ಒಂದು ಗುಣವಿದೆ. ಇವುಗಳಲ್ಲಿ ಹೆಚ್ಚಿನವು ನೀರಿಗೆ ಬೆರೆಯಲು ಒಪ್ಪುವುದಿಲ್ಲ, ಕೊಬ್ಬಿಗೆ ಮಾತ್ರ ಸಲೀಸಾಗಿ ಬೆರೆಯುತ್ತವೆ. ಸಮುದ್ರದ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳ ಮೈ ಸೇರುತ್ತವೆ. ಅಂಥ ಸಾವಿರಾರು ಜೀವಿಗಳನ್ನು ಪುಟ್ಟ ಮೀನು ತಿನ್ನುತ್ತದೆ, ಪುಟ್ಟ ಮೀನುಗಳನ್ನು ದೊಡ್ಡ ಮೀನು, ದೊಡ್ಡ ಮೀನುಗಳನ್ನು ಸೀಲ್, ಸೀಲ್‌ಗಳನ್ನು ಹಿಮಕರಡಿ. ಆಹಾರ ಜೀರ್ಣವಾಗಿ ಹೋಗುತ್ತದೆ, ವಿಷ ಮಾತ್ರ ತಿಂದವರ ಕೊಬ್ಬಿನಲ್ಲಿ ಸೇರುತ್ತಲೇ ಹೋಗುತ್ತದೆ. ಹೀಗಾಗಿ ನೀರಿನಲ್ಲಿ ಇದ್ದೂ ಇಲ್ಲದಂತಿದ್ದ ಪ್ರಮಾಣ ಹಿಮಕರಡಿಯ ಮೈಯಲ್ಲಿ ಲಕ್ಷಗಟ್ಟಲೆ ಪಟ್ಟು ಆಗಬಹುದು.

ಆ ಸೀಲ್ ಮತ್ತು ತಿಮಿಂಗಿಲಗಳನ್ನು ಮನುಷ್ಯರೂ ತಿನ್ನುತ್ತಾರೆ. ಕೆನಡಾದ ಉತ್ತರದಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ ಇನ್ಯುಯಿಟ್ ಜನ ತಲೆತಲಾಂತರದಿಂದ ಬಾಳಿಕೊಂಡು ಬಂದದ್ದು ಅದನ್ನು ತಿಂದೇ. ಅಲ್ಲಿ ರಾಗಿ ಬೆಳೆಯುವುದಿಲ್ಲ, ಭತ್ತ ಬೆಳೆಯುವುದಿಲ್ಲ. 1980ರ ದಶಕದಲ್ಲಿ ಎರಿಕ್ ಡೆವಾಯ್ಲಿ ಎಂಬ ವೈದ್ಯರು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತಾಯಿಯರ ಎದೆಹಾಲನ್ನು ಪರೀಕ್ಷಿಸುತ್ತಿದ್ದರು. ಪಿಸಿಬಿ ಎಂಬ ಹಟಮಾರಿ ವಿಷ ಎಷ್ಟಿದೆ ಎಂಬುದು ಅವರ ಪ್ರಶ್ನೆ. ಪಿಸಿಬಿಯನ್ನು ಆಗೆಲ್ಲ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಎಣ್ಣೆಯಾಗಿ ಬಳಸುತ್ತಿದ್ದರು. ಹೋಲಿಸಿ ನೋಡಲು ಶುದ್ಧವಾದ ಹಾಲು ಬೇಕಲ್ಲ? ಕಾರ್ಖಾನೆಗಳಿಂದ ದೂರ, ಉತ್ತರದಲ್ಲಿ ಇರುವ ಇನ್ಯುಯಿಟ್ ತಾಯಿಯರ ಹಾಲು ತರಿಸಿದರು. ಪರೀಕ್ಷೆ ಮಾಡಿದರೆ ಅದರಲ್ಲಿದ್ದ ಪಿಸಿಬಿ, ದಕ್ಷಿಣದ ಊರುಗಳ ತಾಯಿಯರ ಹಾಲಿನಲ್ಲಿದ್ದದ್ದಕ್ಕಿಂತ ಸುಮಾರು 5 ಪಟ್ಟು! ಆ ತಾಯಿಯರು ಟ್ರಾನ್ಸ್‌ಫಾರ್ಮರ್ ಮಾಡಿದವರಲ್ಲ, ಹೊಲಕ್ಕೆ ಔಷಧಿ ಹೊಡೆದವರಲ್ಲ. ಈ ಅನ್ಯಾಯವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಹೆದರಬೇಡಿ. ಕೂಸಿಗೆ ತಾಯಿಯ ಹಾಲೇ ಎಲ್ಲಕ್ಕಿಂತ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದೂ ಹೇಳಿತ್ತು, ಇಂದೂ ಹೇಳುತ್ತಿದೆ. ಹಾಲಿನಲ್ಲಿ ಕೊಬ್ಬು ಇರುವುದರಿಂದ ಈ ವಿಷಗಳನ್ನು ಅದರಲ್ಲಿ ಪತ್ತೆ ಮಾಡುವುದು ಸುಲಭ, ಅದಕ್ಕೇ ಪರೀಕ್ಷೆಗೆ ಹಾಲು.

ಪಿಸಿಬಿ ಪರಿಸರದಲ್ಲಿ ಸೇರಿಕೊಂಡಿದೆ ಎಂದು ಮೊದಲು ಗೊತ್ತಾದ ಕತೆಯೂ ಚೆಂದವಿದೆ. ಸ್ವೀಡನ್ ದೇಶದಲ್ಲಿ ಸೋರೆನ್ ಯೆನ್ಸೆನ್ ಎಂಬ ರಸಾಯನ ವಿಜ್ಞಾನಿ ಮೀನು, ಹದ್ದುಗಳ ದೇಹದಲ್ಲಿ ಡಿಡಿಟಿ ಹುಡುಕುತ್ತಿದ್ದರು. ಅವರ ಉಪಕರಣ ಬರೆಯುವ ಗೆರೆಯಲ್ಲಿ ಡಿಡಿಟಿಯ ಏರುಗಳ ಜೊತೆ ಇನ್ನೂ ಕೆಲವು ಏರುಗಳು ಕಾಣುತ್ತಿದ್ದವು. ಅವು ಯಾವ ವಸ್ತುವಿನವು ಎಂದು ಯಾರಿಗೂ ಗೊತ್ತಿರಲಿಲ್ಲ. ಯೆನ್ಸೆನ್ ಅವನ್ನು ಕಡೆಗಣಿಸಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಕಾಲದ ಹದ್ದುಗಳ ಗರಿಗಳನ್ನು ತಂದು ಪರೀಕ್ಷಿಸಿದರು. 1944ರ ಗರಿಯಲ್ಲೂ ಅದೇ ಅಪರಿಚಿತ ವಸ್ತು ಇತ್ತು. ಕೀಟನಾಶಕವಾಗಿ ಡಿಡಿಟಿ ಹೊರಗೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ. ಅಂದಮೇಲೆ ಇದು ಡಿಡಿಟಿಯ ಸಂಬಂಧಿ ಅಲ್ಲ, ಬೇರೆಯೇ. ಕೊನೆಗೆ 1966ರಲ್ಲಿ ಅದು ಪಿಸಿಬಿ ಎಂದು ತಿಳಿಯಿತು. ಗರಿಗಳನ್ನು ಜೋಪಾನ ಮಾಡಿ ಇಟ್ಟವರಿಗೆ ಅವು ಮುಂದೊಂದು ದಿನ ಹೀಗೆ ಸಾಕ್ಷಿ ನುಡಿಯುತ್ತವೆ ಎಂಬ ಅಂದಾಜೂ ಇದ್ದಿರಲಾರದು.

ಡಿಡಿಟಿಯ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಅದು ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಶುರುವಾದಾಗ ಹಳ್ಳಿ ಹಳ್ಳಿಗಳ ಮನೆಗೋಡೆಗಳಿಗೆ ಡಿಡಿಟಿ ಹೊಡೆದರು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಪಂಪು ಹಿಡಿದು ಬರುತ್ತಿದ್ದ ಸಿಬ್ಬಂದಿಯನ್ನೂ ಆ ವಾಸನೆಯನ್ನೂ ನೆನಪು ಮಾಡಿಕೊಂಡಾರು. ಎಷ್ಟೋ ಜೀವ ಉಳಿದವು. ತೊಂದರೆಯಾದದ್ದು ಅದನ್ನು ಹೊಲಗಳಲ್ಲಿ, ಕಾಡುಗಳಲ್ಲಿ ಲೆಕ್ಕವಿಲ್ಲದೆ ಸುರಿದಾಗ. ಹದ್ದಿನಂಥ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿತು.

ಒಂದು ದೇಶ ಮಾತ್ರ ಇಂಥ ವಿಷವನ್ನು ನಿಲ್ಲಿಸಿದರೆ ಸಾಲದು ಎಂಬುದು ಈಗ ನಿಮಗೂ ಗೊತ್ತಾಗಿರುತ್ತದೆ. ಗಾಳಿಗೆ ಗಡಿಯ ಕಾವಲುಗಾರರು ಯಾರು? ಅದಕ್ಕೇ ದೇಶಗಳೆಲ್ಲ ಸೇರಿ ಮಾತುಕತೆ ನಡೆಸಿದವು. ಇನ್ಯುಯಿಟ್ ಜನರ ಪರವಾಗಿ ಶೀಲಾ ವಾಟ್-ಕ್ಲೂಟಿಯರ್ ಎಂಬ ಮಹಿಳೆ ಅಲ್ಲಿಗೆ ಬಂದಿದ್ದರು. ತಾಯಿ ಮತ್ತು ಮಗುವಿನ ಒಂದು ಪುಟ್ಟ ಕೆತ್ತನೆಯನ್ನು ಅವರು ಉಡುಗೊರೆಯಾಗಿ ಕೊಟ್ಟರು. ಮುಂದಿನ ಮಾತುಕತೆಗಳಲ್ಲಿ ಆ ಕೆತ್ತನೆ ಅಧ್ಯಕ್ಷರ ಮೇಜಿನ ಮೇಲೇ ಇತ್ತು. 2001ರ ಮೇ 22ರಂದು ಸ್ವೀಡನ್ನಿನ ರಾಜಧಾನಿಯಲ್ಲಿ ಒಪ್ಪಂದ ಸಿದ್ಧವಾಯಿತು, ಅದಕ್ಕೆ ಸ್ಟಾಕ್‌ಹೋಮ್ ಒಪ್ಪಂದ ಎಂದೇ ಹೆಸರು. 2004ರ ಮೇ 17ರಿಂದ ಜಾರಿಗೆ ಬಂತು. ಭಾರತ 2006ರ ಜನವರಿಯಲ್ಲಿ ಸೇರಿತು. ಮೊದಲ ಪಟ್ಟಿಯಲ್ಲಿ ಇದ್ದದ್ದು 12 ವಿಷಗಳು. ಇವತ್ತು ಪಟ್ಟಿ 30ನ್ನು ದಾಟಿದೆ. ಡಿಡಿಟಿಯನ್ನು ಮಲೇರಿಯಾದಂಥ ರೋಗ ಹರಡುವ ಕೀಟಗಳ ಮೇಲೆ ಮಾತ್ರ, ಬೇರೆ ದಾರಿ ಇಲ್ಲದಾಗ ಬಳಸಬಹುದು ಎಂದು ಅವಕಾಶ ಕೊಟ್ಟರು.

ನನಗೆ ಈ ಒಪ್ಪಂದದಲ್ಲಿ ತುಂಬ ಹಿಡಿಸುವುದು ಅದರ 16ನೆಯ ಕಲಮು. ಒಪ್ಪಂದದಿಂದ ನಿಜವಾಗಿ ಉಪಯೋಗವಾಗುತ್ತಿದೆಯೇ ಎಂದು ಆಗಾಗ ಅಳೆದು ನೋಡಬೇಕು ಎನ್ನುತ್ತದೆ ಅದು. ಸಹಿ ಹಾಕಿ ಮನೆಗೆ ಹೋದರೆ ಆಯಿತೇ? ಗಾಳಿಯಲ್ಲಿ ವಿಷ ಕಡಿಮೆಯಾಯಿತೋ ಇಲ್ಲವೋ, ಜನರ ಮೈಯಲ್ಲಿ ಕಡಿಮೆಯಾಯಿತೋ ಇಲ್ಲವೋ, ಅದನ್ನು ಹೇಳುವವರು ಬೇಕು. ಹಾಗಾಗಿ ಇಡೀ ಭೂಮಿಗೆ ಒಂದು ಅಳತೆಯ ಯೋಜನೆ ಹಾಕಿದರು. ಗಾಳಿಯನ್ನು ನೋಡುವುದು, ತಾಯಿಯ ಹಾಲು ಅಥವಾ ರಕ್ತವನ್ನು ನೋಡುವುದು. ಆಮೇಲೆ ಪಟ್ಟಿಗೆ ಬಂದ ಪಿಎಫ್‌ಒಎಸ್ ಎಂಬ ವಿಷ ಕೊಬ್ಬನ್ನು ಬಿಟ್ಟು ನೀರಿಗೆ ಬೆರೆಯುವಂಥದ್ದು, ಅದಕ್ಕಾಗಿ ನೀರನ್ನೂ ಸೇರಿಸಿದರು.

ಅಲರ್ಟ್‌ನಲ್ಲಿರುವಂಥ ಯಂತ್ರ ದುಬಾರಿ, ಅದಕ್ಕೆ ವಿದ್ಯುತ್ ಬೇಕು, ನೋಡಿಕೊಳ್ಳುವವರು ಬೇಕು. ಎಲ್ಲ ದೇಶಗಳಿಗೂ ಅದು ಆಗುವ ಮಾತಲ್ಲ. ಕೆನಡಾದ ಟಾಮ್ ಹಾರ್ನರ್ ಮತ್ತು ಅವರ ಸಂಗಡಿಗರು 2004ರ ಕೊನೆಯಲ್ಲಿ ಬೇರೊಂದು ಸಾಧನವನ್ನು ಲೋಕದ ಹಲವು ಕಡೆ ತೂಗುಹಾಕಲು ಶುರುಮಾಡಿದರು. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಎರಡು ಸ್ಟೀಲಿನ ಬಟ್ಟಲುಗಳು, ಒಂದಕ್ಕೊಂದು ಮುಖ ಮಾಡಿ, ನಡುವೆ ಗಾಳಿಯಾಡಲು ಸಂದು. ಒಳಗೆ ಸುಮಾರು 14 ಸೆಂಟಿಮೀಟರ್ ಅಗಲದ ದುಂಡನೆಯ ಫೋಮ್. ಬಟ್ಟಲುಗಳು ಮಳೆ ಬಿಸಿಲನ್ನು ತಡೆಯುತ್ತವೆ, ಫೋಮ್ ಸುಮ್ಮನೆ ಕೂತು ಗಾಳಿಯ ವಿಷವನ್ನು ಹೀರುತ್ತದೆ. ವಿದ್ಯುತ್ ಬೇಡ, ಸದ್ದಿಲ್ಲ. ಬೆಟ್ಟದ ಮೇಲೆ ಕಟ್ಟಬಹುದು, ಶಾಲೆಯ ಮಾಳಿಗೆಯಲ್ಲೂ ಕಟ್ಟಬಹುದು. ಮೂರು ತಿಂಗಳಾದ ಮೇಲೆ ಫೋಮ್ ತೆಗೆದು ಡಬ್ಬಿಯಲ್ಲಿ ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಒಂದು ಅನುಮಾನ ಬರಬೇಕು ನಿಮಗೆ. ಯಂತ್ರವಾದರೆ ಇಷ್ಟು ಗಾಳಿ ಎಳೆದೆ ಎಂದು ಲೆಕ್ಕ ಇಡುತ್ತದೆ. ಸುಮ್ಮನೆ ಕೂತ ಫೋಮಿನ ಮೇಲೆ ಎಷ್ಟು ಗಾಳಿ ಹಾದುಹೋಯಿತು ಎಂದು ಹೇಗೆ ತಿಳಿಯುವುದು? ಇದಕ್ಕೆ ಒಂದು ಜಾಣ ಉಪಾಯ ಮಾಡಿದ್ದಾರೆ. ತೂಗುಹಾಕುವ ಮೊದಲು ಫೋಮಿನೊಳಗೆ ಪರಿಸರದಲ್ಲಿ ಇಲ್ಲದ ಕೆಲವು ವಸ್ತುಗಳನ್ನು ಅಳೆದು ಸೇರಿಸುತ್ತಾರೆ. ಗಾಳಿ ಬೀಸಿದಂತೆ ಅವು ಫೋಮನ್ನು ಬಿಟ್ಟು ಹೋಗುತ್ತವೆ. ಕೊನೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ ಗಾಳಿಯ ಲೆಕ್ಕ ಸಿಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 4 ಘನ ಮೀಟರ್ ಆಸುಪಾಸು. ಇನ್ನೊಂದು ಎಚ್ಚರ: ಕೆಲಸ ಮಾಡುವವರ ಕೈಯಿಂದಲೋ ಡಬ್ಬಿಯಿಂದಲೋ ಫೋಮಿಗೆ ವಿಷ ಹತ್ತಿರಬಹುದಲ್ಲ? ಅದಕ್ಕೆ ಇನ್ನೊಂದು ಫೋಮನ್ನೂ ಜೊತೆಗೆ ಒಯ್ಯುತ್ತಾರೆ, ಅಲ್ಲೇ ಒಮ್ಮೆ ತೆರೆದು ಮುಚ್ಚಿ ವಾಪಸ್ ತರುತ್ತಾರೆ. ಅದರಲ್ಲೂ ವಿಷ ಕಂಡರೆ ತಪ್ಪು ಎಲ್ಲಿಯದು ಎಂದು ಗೊತ್ತಾಗುತ್ತದೆ. ಹುಡುಕುತ್ತಿರುವ ಪ್ರಮಾಣ ಅಷ್ಟು ಸಣ್ಣದು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಪಿಕೋಗ್ರಾಮ್ ಎನ್ನುತ್ತಾರೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕೆಲವೇ ಪಿಕೋಗ್ರಾಮ್ ಇದ್ದರೂ ಹಿಡಿಯಬೇಕು.

ಹಾಲಿನ ಪರೀಕ್ಷೆಗೂ ಇಂಥದೇ ಶಿಸ್ತು. ಒಂದು ದೇಶದಲ್ಲಿ ಸಾಮಾನ್ಯವಾಗಿ 50 ತಾಯಿಯರನ್ನು ಕೇಳಿಕೊಳ್ಳುತ್ತಾರೆ. ಎಲ್ಲರೂ ಮೊದಲ ಮಗುವಿನ ತಾಯಿಯರೇ ಆಗಿರಬೇಕು, ಹೆರಿಗೆಯಾಗಿ 3ರಿಂದ 8 ವಾರದೊಳಗೆ ಹಾಲು ಕೊಡಬೇಕು. ಪ್ರತಿಯೊಬ್ಬರಿಂದಲೂ ಸಮನಾಗಿ ತೆಗೆದು ಒಟ್ಟಿಗೆ ಬೆರೆಸಿ ಒಂದೇ ಮಾದರಿ ಮಾಡುತ್ತಾರೆ. ಯಾಕೆ ಇಷ್ಟು ಕಟ್ಟುನಿಟ್ಟು? ಒಂದು ದೇಶದವರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಅಳೆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಆಗುವುದಿಲ್ಲ. ಇವತ್ತಿನ ಅಳತೆಯನ್ನು ಹತ್ತು ವರ್ಷದ ಹಿಂದಿನದರ ಜೊತೆಗೂ ಇಡಲು ಆಗುವುದಿಲ್ಲ.

ವರ್ಷಗಟ್ಟಲೆ ಅಳೆಯುವುದರಿಂದ ಏನು ಸಿಗುತ್ತದೆ ಎಂದು ಸ್ಟಾಕ್‌ಹೋಮ್ ನಗರದ ತಾಯಿಯರ ಹಾಲು ತೋರಿಸಿಕೊಟ್ಟಿತು. ಅಲ್ಲಿ 1972ರಿಂದ ಹಾಲಿನ ಮಾದರಿಗಳನ್ನು ಶೈತ್ಯದಲ್ಲಿ ಕಾಪಾಡಿ ಇಟ್ಟಿದ್ದರು. ಡಿಡಿಟಿ, ಪಿಸಿಬಿಗಳ ಬಳಕೆ ನಿಂತ ಮೇಲೆ ಹಾಲಿನಲ್ಲೂ ಅವು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದವು. ಒಳ್ಳೆಯ ಸುದ್ದಿ. ಆದರೆ ಅದೇ ಹಳೆಯ ಮಾದರಿಗಳನ್ನು ಇನ್ನೊಂದು ವಸ್ತುವಿಗಾಗಿ ಪರೀಕ್ಷಿಸಿದಾಗ ಎದೆ ಧಸಕ್ಕೆಂದಿತು. ಸೋಫಾ, ಟಿವಿ, ಕಂಪ್ಯೂಟರುಗಳಿಗೆ ಬೇಗ ಬೆಂಕಿ ಹತ್ತದಿರಲಿ ಎಂದು ಸೇರಿಸುತ್ತಿದ್ದ ಪಿಬಿಡಿಇ ಎಂಬ ವಸ್ತು 1972ರಿಂದ 1997ರವರೆಗೆ ಪ್ರತಿ 5 ವರ್ಷಕ್ಕೆ ಎರಡು ಪಟ್ಟಾಗುತ್ತ ಬಂದಿತ್ತು. ಅಷ್ಟು ವರ್ಷ ಅದರ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. 2009ರಲ್ಲಿ ಇಂಥ ಕೆಲವು ವಸ್ತುಗಳು ಒಪ್ಪಂದದ ಪಟ್ಟಿ ಸೇರಿದವು.

ಇನ್ನು ನಮ್ಮ ಮನೆ ಹತ್ತಿರದ ಕತೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ ಎಂಬ ಊರಿದೆ. ಕೇರಳಕ್ಕೆ ಸೇರಿದ್ದರೂ ಕನ್ನಡ, ತುಳು ಮಾತಾಡುವವರು ಅಲ್ಲಿ ಬಹಳ. ಗುಡ್ಡದ ಮೇಲೆಲ್ಲ ಗೇರು ತೋಟ. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಅಲ್ಲಿ ಎಂಡೋಸಲ್ಫಾನ್ ಸುರಿದರು. ಕೆಳಗಿನ ಕಣಿವೆಯಲ್ಲಿ ಮನೆಗಳು, ಬಾವಿಗಳು, ಕುಡಿಯುವ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳು. ಕೈಕಾಲು ಊನವಾಗಿ ಹುಟ್ಟಿದ ಕರುಗಳನ್ನು ಕಂಡು ಪತ್ರಕರ್ತ ಶ್ರೀ ಪಡ್ರೆ ಮೊದಲೇ ಬರೆದು ಎಚ್ಚರಿಸಿದ್ದರು. ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಒಂದೇ ಕಣಿವೆಯಲ್ಲಿ ಇಷ್ಟೊಂದು ಮಕ್ಕಳಿಗೆ, ದೊಡ್ಡವರಿಗೆ ವಿಚಿತ್ರ ಕಾಯಿಲೆಗಳು ಯಾಕೆ ಎಂದು ಕೇಳುತ್ತಲೇ ಇದ್ದರು. 2000ದ ಕೊನೆಯಲ್ಲಿ ಹೆಲಿಕಾಪ್ಟರ್ ಹಾರುವುದು ನಿಂತಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಶಾಲೆಯ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಕೊನೆಯ ಸಿಂಪಡಣೆಯಾಗಿ ಸುಮಾರು 10 ತಿಂಗಳು ಕಳೆದಿತ್ತು. ಆಗಲೂ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು. ಸರಾಸರಿ 100 ಕೋಟಿ ಪಾಲಿನಲ್ಲಿ 7 ಪಾಲಿಗೂ ಹೆಚ್ಚು. ಸಿಂಪಡಣೆ ಇಲ್ಲದ ಬೇರೆ ಊರಿನ ಮಕ್ಕಳಲ್ಲಿ ಅದು 1 ಪಾಲಿಗಿಂತ ತುಸು ಹೆಚ್ಚು ಅಷ್ಟೇ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಸುತ್ತಲೂ ಇಂಥದೇ ನೋವು ಇದೆ. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರಲ್ಲಿ ಹಲವರನ್ನು ಮನೆಯವರು ಇಂದಿಗೂ ಎತ್ತಿ ಕೂರಿಸಬೇಕು, ಉಣಿಸಬೇಕು.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ದೇಶಗಳು ಸೇರಿ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸುವ ತೀರ್ಮಾನ ಮಾಡಿದವು. ಭಾರತ ಮೊದಲು ವಿರೋಧಿಸಿತ್ತು, ಕೊನೆಗೆ ಕೆಲವು ಬೆಳೆಗಳಿಗೆ ಕಾಲಾವಕಾಶ ಪಡೆದು ಒಪ್ಪಿತು. ಮರುತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಪಡ್ರೆಯ ಜನರ ಕೂಗಿನ ಜೊತೆ, ಧ್ರುವದ ಗಾಳಿಯಲ್ಲಿ ವರ್ಷ ವರ್ಷವೂ ಎಂಡೋಸಲ್ಫಾನ್ ಕಂಡವರ ಲೆಕ್ಕದ ಪುಸ್ತಕಗಳೂ ಆ ತೀರ್ಮಾನದ ಹಿಂದೆ ಇದ್ದವು. ದೇಶಗಳು ಅದನ್ನು ಕೈಬಿಡುತ್ತ ಬಂದಂತೆ ಅಲರ್ಟ್‌ನ ಗಾಳಿಯಲ್ಲೂ ಅದು ಇಳಿಯುತ್ತ ಬಂತು.

2025ರಲ್ಲಿ ಜಿನೀವಾದಲ್ಲಿ ಮತ್ತೆ ಸೇರಿದಾಗ ಪಟ್ಟಿಗೆ ಸೇರಿದ ಹೆಸರುಗಳಲ್ಲಿ ಒಂದು ಕ್ಲೋರೊಪೈರಿಫಾಸ್. ನಿಮ್ಮ ಊರಿನ ಗೊಬ್ಬರದ ಅಂಗಡಿಯಲ್ಲಿ ಈ ಹೆಸರು ಎಲ್ಲರಿಗೂ ಗೊತ್ತು. ಗೆದ್ದಲಿಗೆ, ಬೇರುಹುಳುವಿಗೆ ನಮ್ಮ ರೈತರು ಹಲವು ವರ್ಷಗಳಿಂದ ಬಳಸುತ್ತಿರುವುದು ಇದನ್ನೇ. ಕೆಲವು ಬಳಕೆಗಳಿಗೆ ಸದ್ಯಕ್ಕೆ ವಿನಾಯಿತಿ ಇದೆ. ಸ್ಟೀಲಿನ ಬಟ್ಟಲುಗಳ ನಡುವೆ ಕೂತ ಫೋಮಿನಲ್ಲಿ, ತಾಯಿಯರು ಕೊಡುವ ಹಾಲಿನಲ್ಲಿ ಇನ್ನು ಮೇಲೆ ಇದನ್ನೂ ಹುಡುಕಬೇಕು. ಈಗ ಶಾಲೆಯಲ್ಲಿರುವ ನಿಮ್ಮಲ್ಲಿ ಯಾರಾದರೂ ಆ ಕೆಲಸಕ್ಕೆ ಬಂದರೆ ನನಗೆ ತುಂಬ ಸಂತೋಷ. ಅಳೆಯುವ ಕೈಗಳು ನಮ್ಮ ದೇಶದಲ್ಲಿ ಇನ್ನೂ ಬಹಳ ಬೇಕಾಗಿವೆ.